ತಾಯಮ್ಮನ ಮಗನೂ ಮರ ಕೆತ್ತೋ ಮಿಷಿನ್ನೂ

ನಗೋಕೆ ಬಂದೋರು ಮುಂದೆ ಕೂತ್ಕೊಳ್ಳಿ. ಬೈಯೋಕೆ ಬಂದೋರು ಎದ್ದು ಮನೆಗೆ ಹೋಗಿ, ಈ ಕತೇಲಿ ಬೈಯೋ ಕೆಲಸ ನಂದು. ಒಂದು ಬೀದಿಗೆ ಬೀದಿಯೇ ಸೇರಿ ಒಬ್ಬ ಹುಡುಗನ್ನ ಪೆದ್ದ ಪೆದ್ದ ಅಂತ ಕರೆದು ಹಲ್ಲು ಕಿಸೀತಲ್ಲ, ಅವರನ್ನ ಬೈದು ಮುಗಿಸೋಕೇ ನನಗೆ ಹೊತ್ತು ಸಾಲದು.

ಹುಣಸೂರು ಕಡೆ ಒಂದೂರು. ಆ ಊರಲ್ಲಿ ಸಾಮಿಲ್ ಬೀದಿ ಅಂತ ಒಂದು ಬೀದಿ. ಆ ಬೀದೀಲಿ ಪುಟ್ಟತಾಯಮ್ಮ ಅಂತ ಒಬ್ಬ ಆಚಾರ್ರ ಹೆಂಗಸು. ಗಂಡ ವೀರಾಚಾರಿ ತೀರಿಕೊಂಡಿದ್ದ. ಅವನು ಇದ್ದಾಗ ಮರ ಅವನ ಮಾತು ಕೇಳ್ತಿತ್ತು. ಮಗ ಶಂಭು ಯಾರು ಏನು ಹೇಳಿದ್ರೂ ಕೇಳ್ತಿದ್ದ, ಅದೇ ಬಂದಿದ್ದ ಗ್ರಹಚಾರ.

ಹೆಂಗೆ ಕೇಳ್ತಿದ್ದ ಅಂತೀರಾ? ಒಂದಿನ ತಾಯಮ್ಮ, "ಮಗ, ಉಪ್ಪಿನಕಾಯಿ ಜಾಡಿ ಬಿಸಿಲಿಗಿಡು, ಬಿಸಿಲು ಸರಿದ ಕಡೆಗೆ ಜಾಡಿನೂ ಸರಿಸ್ತಾ ಇರು" ಅಂದು ಗದ್ದೆ ಕಡೆ ಹೋದ್ಲು. ಹೊತ್ತು ಮುಳುಗೋ ಹೊತ್ತಿಗೆ ಜಾಡಿ ಕೆರೆ ಏರಿ ಮೇಲಿತ್ತು. ಜಾಡಿ ಪಕ್ಕ ಶಂಭು ಇದ್ದ. "ಇನ್ನೂ ಮುಂದಕ್ಕೆ ಹೋಗೋಣ ಅಂದ್ರೆ ನೀರು ಅಡ್ಡ ಬಂತು ಕಣವ್ವ" ಅಂದ. ತಾಯಮ್ಮ ತಲೆ ಚಚ್ಚಿಕೊಂಡ್ಲು. ಅಂಥ ಮಗ.

ಆ ಬೀದಿ ಕೊನೇಲಿ ಕಾಳಿಕಮ್ಮನ ಗುಡಿ. ಗರ್ಭಗುಡಿ ಬಾಗಿಲು ಮಾಡೋ ಹಕ್ಕು ತಲೆತಲಾಂತರದಿಂದ ತಾಯಮ್ಮನ ಗಂಡನ ಮನೇದು. ಹಳೇ ಬಾಗಿಲಿಗೆ ಗೆದ್ದಲು ಹತ್ತಿತ್ತು. ಕುಲದ ಯಜಮಾನ ರುದ್ರಾಚಾರ್ರು ಒಂದು ಬೆಳಿಗ್ಗೆ ಬಂದು ಜಗಲಿ ಮೇಲೆ ಕೂತ್ರು.

"ತಾಯಮ್ಮ, ಆಷಾಢ ಕಳೆದ ಮೊದಲ ಶುಕ್ರವಾರ ಅಮ್ಮನಿಗೆ ಹೊಸ ಬಾಗಿಲು ಏರಬೇಕು. ನಿನ್ನ ಮಗನ ಕೈಲಿ ಆದ್ರೆ ಸರಿ. ಆಗ್ದಿದ್ರೆ ಮೈಸೂರಲ್ಲಿ ರೆಡಿಮೇಡ್ ಬಾಗಿಲು ಸಿಗುತ್ತೆ, ತಂದು ಹಾಕಿಸ್ತೀವಿ. ಒಂದ್ಸಲ ಹಂಗಾಯ್ತು ಅಂದ್ರೆ ಹಕ್ಕು ಹೋಯ್ತು ಅಂತ್ಲೇ ತಿಳ್ಕೋ."

ಹಕ್ಕು ಹೋದ್ರೆ ಉಳಿಯೋದೇನು? ಗಂಡ ಬಿಟ್ಟುಹೋಗಿದ್ದು ಹೊಲವಲ್ಲ, ಹಣವಲ್ಲ, ಅದೊಂದೇ. ಶಂಭುಗೆ ಉಳಿ ಹಿಡಿಯೋದು ಬರ್ತಿತ್ತು, ಚಿತ್ತಾರ ಮಾತ್ರ ತಲೇಲಿ ನಿಲ್ತಿರಲಿಲ್ಲ. ಬಳ್ಳಿ ಕೆತ್ತೋ ಅಂದ್ರೆ ಕೆತ್ತುತಾ ಹೋಗೋನು, ಹಲಗೆ ಮುಗಿದ್ರೆ ಪಕ್ಕದ ಹಲಗೆಗೂ ದಾಟೋನು.

ತಾಯಮ್ಮನಿಗೆ ಒಬ್ಬ ತಮ್ಮ, ನಂಜುಂಡಾಚಾರಿ ಅಂತ. ಮೈಸೂರಲ್ಲಿ ಲೇತ್ ಅಂಗಡೀಲಿ ಕೆಲಸ. ಅವನು ಬಂದ, ಕಾಲು ಚಾಚಿ ಕೂತ.

"ಅಕ್ಕ, ಈಗ ಯಾರು ಕೈಲಿ ಕೆತ್ತುತಾರೆ? ಸಿಎನ್‌ಸಿ ಅಂತ ಮಿಷಿನ್ನಿದೆ. ಕಂಪ್ಯೂಟರಿಗೆ ಚಿತ್ರ ಕೊಟ್ರೆ ಸಾಕು, ಮೋಟಾರು ತಾನೇ ಎಡಕ್ಕೆ ಬಲಕ್ಕೆ ಓಡಾಡಿ, ಮೇಲೆ ಕೆಳಗೆ ಇಳಿದು, ತಿರುಗೋ ಉಳೀಲಿ ಮರ ಕೆತ್ತುತ್ತೆ. ಕೊಂಡ್ರೆ ದುಬಾರಿ, ಮನೇಲೇ ಕಟ್ಟೋಣ. ಮೋಟಾರು, ಸ್ಕ್ರೂ ಸರಳು, ಅದನ್ನ ನಡೆಸೋ ಕರೆಂಟಿನ ಬೋರ್ಡು ನಾನು ತಂದು ಜೋಡಿಸ್ತೀನಿ. ಚೌಕಟ್ಟು ಶಂಭು ಮಾಡ್ಲಿ."

ಆಮೇಲೆ ಶಂಭು ಕಡೆ ತಿರುಗಿ ಹೇಳ್ದ. "ನೋಡೋ, ಹೊಸ ಮರ ಹಾಕಬೇಡ, ಬಗ್ಗುತ್ತೆ. ವರ್ಷಗಟ್ಟಲೆ ಒಂದೇ ಕಡೆ ನಿಂತು, ಮಳೆಗೂ ಬಿಸಿಲಿಗೂ ಒಂದು ನೂಲೂ ಅಲುಗದೆ ಇರೋ ಮರ ಹುಡುಕು. ಅದರಲ್ಲಿ ಚೌಕಟ್ಟು ಮಾಡು."

ಹೇಳೋದು ಹೇಳ್ದ, ಮೈಸೂರು ಬಸ್ ಹತ್ತಿದ.

ಶಂಭು ಸಾಮಿಲ್ಲಿಗೆ ಹೋಗಿ ನೋಡ್ದ. ಅಲ್ಲಿದ್ದ ಮರ ಎಲ್ಲ ಮಲಗಿತ್ತು, ಒಂದೂ ನಿಂತಿರಲಿಲ್ಲ. ಮನೆಗೆ ಬಂದ. ಬಾಗಿಲಲ್ಲಿ ನಿಂತ. ನಿಂತಿರೋ ಮರ ಯಾವುದು? ಅವನ ತಾತ ನಿಲ್ಲಿಸಿದ್ದ ತಲೆಬಾಗಿಲ ವಾಸ್ಕಲ್ಲು. ಮಟ್ಟ ಹಿಡಿದು ನೋಡ್ದ. ಒಂದು ನೂಲೂ ಬಗ್ಗಿರಲಿಲ್ಲ. ಹಾರೆ ತಂದ.

ತಾಯಮ್ಮ ರೇಷನ್ ಅಂಗಡಿಯಿಂದ ಚೀಲ ಹೊತ್ಕೊಂಡು ಬಂದ್ಲು. ಮನೆ ಇದೆ, ಬಾಗಿಲಿಲ್ಲ. ಬಾಗಿಲಿದ್ದ ಕಡೆ ಎತ್ತಿನ ಗಾಡಿ ನುಗ್ಗೋ ಅಷ್ಟು ಕಂಡಿ. ಒಳಗೆ ದೇವರ ಮನೇಲಿ ಪಕ್ಕದ ಮನೆ ಮೇಕೆ ಸೇವಂತಿಗೆ ಹಾರ ತಿಂತಾ ನಿಂತಿದೆ. ಹಿತ್ತಲಲ್ಲಿ ಗರಗಸದ ಸದ್ದು.

"ಅಯ್ಯೋ ನಿನ್ನ ಮನೆ ಹಾಳಾಗ, ಬಡಗಿ ಮನೆಗೇ ಬಾಗಿಲಿಲ್ಲದಂಗೆ ಮಾಡಿದೆಯಲ್ಲೋ."

"ಹೇಳಿದ್ದೇ ಮಾಡಿದೆ ಕಣವ್ವ. ನಿಂತಿರೋ ಮರ ಅಂದ್ರು ಮಾವ."

ತಾಯಮ್ಮ ತಮ್ಮನಿಗೆ ಫೋನ್ ಮಾಡಿದ್ಲು. ಅವನು ಆ ಕಡೆಯಿಂದ, "ನಾನು ಮನೆ ಬಾಗಿಲು ಕೀಳು ಅಂದ್ನಾ ಅಕ್ಕ?" ಅಂತ ನಕ್ಕ. "ಕೀಳಬೇಡ ಅಂದ್ಯಾ?" ಅಂದ್ಲು ತಾಯಮ್ಮ. ಅಂಗಡೀಲಿ ಕರೀತಿದ್ದಾರೆ ಅಂತ ಅವನು ಫೋನ್ ಇಟ್ಟ.

ಕುಯ್ದ ಮರ ಮತ್ತೆ ಕೂಡುತ್ತಾ? ಚೌಕಟ್ಟು ಚೌಕಟ್ಟಾಯ್ತು. ಬಾಗಿಲಿಗೆ ತಾಯಮ್ಮ ಹಳೇ ಜಮಖಾನ ಇಳಿಬಿಟ್ಟು ಮಗನ ಕಿವಿ ಹಿಂಡಿ ಹೇಳಿದ್ಲು. "ಇನ್ನು ಮೇಲೆ ಮಿಷಿನ್ನಿಗೆ ಅಂತ ಮನೇದು ಒಂದು ಕಡ್ಡೀನೂ ಮುಟ್ಟಬೇಡ. ಏನು ಬೇಕಾದ್ರೂ ಹೊರಗಿಂದ ತಾ."

"ಆಯ್ತು ಕಣವ್ವ, ಹೊರಗಿಂದ ತರ್ತೀನಿ."

ಭಾನುವಾರ ನಂಜುಂಡ ಬಂದು ಮೋಟಾರು ಕೂರಿಸ್ದ, ವೈರು ಎಳೆದ, ಬೋರ್ಡು ಡಬ್ಬಕ್ಕೆ ಹಾಕ್ದ. "ಈ ಕೆತ್ತೋ ಮೋಟಾರು ಬಿಸಿಯಾಗುತ್ತೆ. ಪಕ್ಕದಲ್ಲಿ ಒಂದು ಬಕೆಟ್ ನೀರಿಟ್ಟು ಈ ಪುಟಾಣಿ ಪಂಪ್ ಮುಳುಗಿಸು, ನೀರು ಕೊಳವೇಲಿ ಹೋಗಿ ತಂಪು ಮಾಡುತ್ತೆ." ಹೇಳೋದು ಹೇಳ್ದ, ಬಸ್ ಹತ್ತಿದ.

ನಲ್ಲಿ ಎಲ್ಲಿತ್ತು ಅಂತೀರಿ? ಮಿಷಿನ್ನಿಂದ ಕೈ ಚಾಚಿದ್ರೆ ಸಿಗೋ ಅಷ್ಟು ಹತ್ರ. ಆದ್ರೆ ಅದು ಮನೇದು. ಶಂಭು ಬಕೆಟ್ ತಗೊಂಡು ಕೆರೆಗೆ ಹೋದ. ಪಾಚಿ, ಕೆಸರು, ಗೊದಮೊಟ್ಟೆ ಸಮೇತ ಒಂದು ಬಕೆಟ್ ತುಂಬ್ಕೊಂಡು ಬಂದ. ಪಂಪ್ ಮುಳುಗಿಸಿ ಗುಂಡಿ ಒತ್ತಿದ. ಪಂಪ್ ಎರಡು ಸಲ ಗೊರ್ ಅಂದು ಪಾಚಿ ನುಂಗಿ ನಿಂತ್ಕೊಳ್ತು. ಮೋಟಾರು ಕಾದು, ಮುಟ್ಟಿದ್ರೆ ಬೊಬ್ಬೆ ಏಳೋ ಹಂಗಾಯ್ತು.

ತಾಯಮ್ಮ ಒಲೆ ಮುಂದಿಂದ ಓಡಿಬಂದು ಬಕೆಟ್ ಒಳಗೆ ನೋಡಿದ್ಲು. ಬಕೆಟ್ ಒಳಗಿಂದ ಗೊದಮೊಟ್ಟೆ ಅವಳನ್ನ ನೋಡಿದ್ವು.

"ನಲ್ಲಿ ಇಲ್ವೇನೋ ಮನೇಲಿ?"

"ಮನೇದು ಮುಟ್ಟಬೇಡ ಅಂದೆ. ಹೇಳಿದ್ದೇ ಮಾಡಿದೆ ಕಣವ್ವ."

"ಮಿಷಿನ್ನಿನ ಒಳಕ್ಕೆ ಏನೇ ಹೋಗ್ಲಿ, ಹೋಗೋ ಬಾಯಿಗೆ ಬಟ್ಟೆ ಕಟ್ಟು. ಶೋಧಿಸಿ ಬಿಡು. ಕಸ ಒಳಗೆ ಹೋಗಬಾರದು, ತಿಳೀತಾ?"

"ತಿಳೀತು ಕಣವ್ವ, ಬಾಯಿಗೆ ಬಟ್ಟೆ."

ತಿಳೀತು ಅಂದಾಗಲೇ ತಾಯಮ್ಮ ಹೆದರಬೇಕಿತ್ತು. ಹೆದರಲಿಲ್ಲ, ಸಂತೆಗೆ ಹೋದ್ಲು. ಶಂಭು ಬಕೆಟ್ಟಿಗೆ ಬಟ್ಟೆ ಕಟ್ಟಿದ, ಸರಿಯೇ. ಆಮೇಲೆ ಮಿಷಿನ್ ಸುತ್ತ ನೋಡ್ದ. ಬೋರ್ಡಿನ ಡಬ್ಬಕ್ಕೊಂದು ಸಣ್ಣ ಫ್ಯಾನಿತ್ತು, ಗಾಳಿ ಎಳ್ಕೊಳ್ತಿತ್ತು. ಗಾಳಿ ಒಳಕ್ಕೆ ಹೋಗ್ತಿದೆ! ತಾಯಮ್ಮನ ಹಳೇ ಸೀರೆ ನಾಕು ಮಡಿಕೆ ಮಾಡಿ ಫ್ಯಾನಿನ ಬಾಯಿಗೆ ಕಟ್ಟಿದ. ಹುರಿಹಗ್ಗ ಹಾಕಿ ಗಂಟು ಬಿಗಿದ. ತಾಯಮ್ಮ ಸಂತೆಯಿಂದ ಬರೋ ಹೊತ್ತಿಗೆ ಡಬ್ಬದಿಂದ ಹೊಗೆ ಬರ್ತಿತ್ತು.

ನಂಜುಂಡ ಬೇರೆ ಬೋರ್ಡು ತಂದು ಹಾಕ್ದ. ಹಾಕುವಾಗ ಉಗಿದೂ ಉಗಿದ. "ಎಂಥ ಪೆದ್ದನಯ್ಯಾ ನೀನು, ಅದು ಉಸಿರಾಡೋ ಜಾಗ. ಕಟ್ಟೋದು ಗಿಟ್ಟೋದು ಬಿಡು. ಈಗ ಮಿಷಿನ್ ಕೆತ್ತುವಾಗ ನಡುಗ್ತಿದೆ, ಗೆರೆ ಹಲ್ಲು ಹಲ್ಲು ಬರ್ತಿದೆ. ಎಲ್ಲೆಲ್ಲಿ ಅಲ್ಲಾಡುತ್ತೆ ನೋಡು, ಅಲ್ಲಾಡಿದ್ದನ್ನ ಬಿಗಿ ಮಾಡು. ಅಷ್ಟು ಮಾಡಿದ್ರೆ ಸಾಕು."

ಹೇಳೋದು ಹೇಳ್ದ, ಬಸ್ ಹತ್ತಿದ. ಅಲ್ಲ, ನಾನು ಕೇಳ್ತೀನಿ, ಒಂದು ಬಸ್ ಬಿಟ್ಟು ಇನ್ನೊಂದು ಬಸ್ಸಿಗೆ ಹೋಗಿದ್ರೆ ಅವನ ಗಂಟೇನು ಹೋಗ್ತಿತ್ತು?

ಶಂಭು ಸ್ಪಾನರ್ ಹಿಡಿದು ಕೂತ. ಏನು ಅಲ್ಲಾಡುತ್ತೆ? ಮೋಟಾರು ಹೊತ್ತಿರೋ ತೊಲೆ ಹಿಂದಕ್ಕೆ ಮುಂದಕ್ಕೆ ಹೋಗುತ್ತೆ, ಅಂದ್ರೆ ಅಲ್ಲಾಡುತ್ತೆ. ತೊಲೆಗೆ ತೂತು ಕೊರೆದು ಬೋಲ್ಟ್ ಹಾಕಿ ಚೌಕಟ್ಟಿಗೆ ಬಿಗಿದ. ಮೋಟಾರು ಮೇಲೆ ಕೆಳಗೆ ಇಳಿಯುತ್ತೆ, ಅಲ್ಲಾಡುತ್ತೆ. ಅದನ್ನೂ ಬಿಗಿದ. ತಳ್ಳಿ ನೋಡ್ದ. ಬಂಡೆಯಾಗಿತ್ತು. ಸಂತೋಷಪಟ್ಟ.

ಅದೇ ಹೊತ್ತಿಗೆ ಯಜಮಾನ ರುದ್ರಾಚಾರ್ರು ಕೆಲಸ ಎಲ್ಲಿಗೆ ಬಂತು ನೋಡೋಣ ಅಂತ ಬಂದ್ರು. ಬೆಂಚಿನ ಮೇಲೆ ಕೂತ್ರು. ಅವರಿಗೊಂದು ಚಾಳಿ, ಕೂತ ಕಡೆ ಕಾಲು ಕುಣಿಸೋದು. ತಾಯಮ್ಮ ಕಾಫಿ ತರೋಕೆ ಒಳಗೆ ಹೋದ್ಲು. ಶಂಭು ಯಜಮಾನರ ಕಾಲು ನೋಡ್ದ. ಕಾಲು ಅಲ್ಲಾಡ್ತಿತ್ತು. ಮತ್ತೆ ನೋಡ್ದ. ಮತ್ತೂ ಅಲ್ಲಾಡ್ತಿತ್ತು. ಎರಡು ಹಲಗೆ ಅಂಟಿಸುವಾಗ ಅದುಮಿ ಹಿಡಿಯೋ ಕಬ್ಬಿಣದ ಕ್ಲಾಂಪು ತಗೊಂಡ, ಯಜಮಾನರ ಮೀನಖಂಡವನ್ನೂ ಬೆಂಚಿನ ಕಾಲನ್ನೂ ಸೇರಿಸಿ ಹಾಕ್ದ, ತಿರುಪು ತಿರುಗಿಸ್ದ.

ತಾಯಮ್ಮ ಕಾಫಿ ಲೋಟ ಅಲ್ಲೇ ಬಿಸಾಕಿ ಬಂದ್ಲು. ಯಜಮಾನರು ಬೆಂಚು ಸಮೇತ ಏಳೋಕೆ ನೋಡ್ತಿದ್ರು.

"ಬಿಡಿಸ್ರೋ, ಕಾಲು ಹೋಯ್ತು ಕಣ್ರೋ!"

"ಇನ್ನೊಂದು ಸುತ್ತು ಇದೆ ಯಜಮಾನ್ರೇ, ಪೂರ್ತಿ ಬಿಗಿಯಾಗಿಲ್ಲ" ಅಂದ ಶಂಭು.

ಬಿಡಿಸಿದ ಮೇಲೆ ಯಜಮಾನರು ಕುಂಟ್ಕೊಂಡೇ ಹೋದ್ರು. ಹೋಗುವಾಗ ಜಮಖಾನ ಸರಿಸಿ ತಿರುಗಿ ನಿಂತು, "ನೋಡ್ಕೊಳ್ತೀನಿ ತಾಯಮ್ಮ. ಶುಕ್ರವಾರ ಒಂದು ಗಳಿಗೆ ತಡವಾದ್ರೂ ಹಕ್ಕು ನಿಂದಲ್ಲ" ಅಂದ್ರು. ಬೀದಿಯವರೆಲ್ಲ ಅವತ್ತು ಹೊಟ್ಟೆ ಹಿಡ್ಕೊಂಡು ನಕ್ಕರು. ನಗ್ತಾರೆ, ಅವರ ಮನೆ ಹಕ್ಕಾ ಹೋಗ್ತಿರೋದು?

ತಾಯಮ್ಮ ಮಗನ್ನ ಕೂರಿಸಿ ಬೈದ್ಲು, ಅತ್ಲು, ಮತ್ತೆ ಬೈದ್ಲು. "ಓಡಾಡಬೇಕಾದ್ದು ಓಡಾಡ್ಲಿ ಕಣೋ, ಬೋಲ್ಟ್ ಬಿಚ್ಚು. ಬಿಗಿ ಸಡಿಲ ಅಂತ ಹೋಗಬೇಡ. ನಿಮ್ಮಪ್ಪ ಏನು ಮಾಡೋನು? ಕೆತ್ತಿದ್ದನ್ನೂ ಅಳತೆಯ ಅಡಿಕೋಲನ್ನೂ ಪಕ್ಕಪಕ್ಕ ಇಟ್ಟು ನೋಡೋನು. ಎರಡೂ ಹೊಂದೋವರೆಗೂ ಬಿಡ್ತಿರಲಿಲ್ಲ. ಹಂಗೆ ಮಾಡು."

"ಹಂಗೇ ಮಾಡ್ತೀನಿ ಕಣವ್ವ."

ಬೋಲ್ಟ್ ಬಿಚ್ಚಿದ. ಮಿಷಿನ್ನಿಗೆ ಹನ್ನೆರಡು ಇಂಚಿನ ಚೌಕ ಕೆತ್ತು ಅಂತ ಕೊಟ್ಟ. ಅದು ಕೆತ್ತಿತು. ಅಪ್ಪನ ಅಡಿಕೋಲು ತಂದು ಪಕ್ಕ ಇಟ್ಟ. ಬೀಟೆ ಮರದ್ದು, ಅಂಚಿಗೆ ಹಿತ್ತಾಳೆ. ಆಯುಧಪೂಜೆ ದಿನ ಎಲ್ಲ ಉಳಿ ಬಾಚಿಗಿಂತ ಮೊದಲು ಕುಂಕುಮ ಏರ್ತಿದ್ದದ್ದು ಆ ಕೋಲಿಗೆ. ಚೌಕ ಎರಡು ನೂಲು, ಅಂದ್ರೆ ಕಾಲಿಂಚು ಚಿಕ್ಕದು, ಕೋಲು ಎರಡು ನೂಲು ಉದ್ದ. ಎರಡೂ ಹೊಂದಬೇಕು. ಹೊಂದೋವರೆಗೂ ಬಿಡಬಾರದು. ಚೌಕ ಬೆಳೆಸೋಕೆ ಆಗಲ್ಲ. ಶಂಭು ಗರಗಸ ತಗೊಂಡು ಕೋಲನ್ನ ಎರಡು ನೂಲು ಕುಯ್ದ, ಅರ ಹಾಕಿ ನುಣ್ಣಗೆ ಮಾಡ್ದ.

"ಅವ್ವ, ಹೊಂದಿತು ನೋಡು ಬಾ."

ತಾಯಮ್ಮ ಬಂದು ನೋಡಿದ್ಲು. ನೆಲದ ಮೇಲೆ ಹಿತ್ತಾಳೆ ಚೂರು ಬಿದ್ದಿತ್ತು. ಎತ್ಕೊಂಡು ಕಣ್ಣಿಗೊತ್ತಿಕೊಂಡ್ಲು. ಬೈಯಲಿಲ್ಲ. ಬೈಯೋಕೆ ಬಾಯಿ ಬರಲಿಲ್ಲ. ಆಮೇಲೆ ಎದ್ದು ತಮ್ಮನಿಗೆ ಫೋನ್ ಮಾಡಿದ್ಲು, ಆಗ ಬಂತು ನೋಡಿ ಬಾಯಿ.

"ನಂಜುಂಡ, ಬೆಳಿಗ್ಗೆ ಮೊದಲ ಬಸ್ಸಿಗೆ ಬಾ. ಹೇಳೋಕೆ ಬರಬೇಡ, ಮಾಡೋಕೆ ಬಾ. ನಿನ್ನ ಮಾತಿಗೆ ನನ್ನ ಮನೆ ಬಾಗಿಲು ಹೋಯ್ತು, ಯಜಮಾನರ ಕಾಲು ಹೋಯ್ತು. ನನ್ನ ಮಾತಿಗೆ ನಿನ್ನ ಭಾವನ ಕೋಲು ಹೋಯ್ತು. ಇನ್ನು ಯಾರೂ ಮಾತಾಡೋದು ಬೇಡ."

ನಂಜುಂಡ ಬಂದ. ಕಂಪ್ಯೂಟರ್ ಮುಂದೆ ಕ್ಷಣ ಹೊತ್ತು ಕೂತು, ಇಷ್ಟು ಸುತ್ತಿಗೆ ಇಷ್ಟು ದೂರ ಅನ್ನೋ ಒಂದು ಅಂಕಿ ತಿದ್ದಿದ. ಮಿಷಿನ್ ಮತ್ತೆ ಕೆತ್ತಿತು, ಚೌಕ ಸರಿಯಾಗಿ ಹನ್ನೆರಡು ಇಂಚು ಬಂತು. ಅಷ್ಟೇ ಕೆಲಸ! ಕೋಲು ಮುಟ್ಟಬೇಡ, ಅಂಕಿ ತಿದ್ದು ಅಂತ ಮೊದಲೇ ಒಂದು ಮಾತು ಹೇಳಿಕೊಟ್ಟಿದ್ರೆ ಅವನ ಬಾಯಿ ಸವೀತಿತ್ತಾ? ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋ ಜಾತಿ ಇವನು, ಇವನು ನಮ್ಮ ಹುಡುಗನ್ನ ಪೆದ್ದ ಅಂತಾನೆ.

ಅಲ್ಲಿಂದ ಮಿಷಿನ್ ಹಿಡೀತು ನೋಡಿ ದಾರಿ. ತೇಗದ ಹಲಗೆ ಮೇಲೆ ಬಳ್ಳಿ ಬಂತು, ಗಿಳಿ ಬಂತು, ತಾವರೆ ಬಂತು, ನಡುವೆ ಕಣ್ಣೊಂದು ಬಿಟ್ಟು ಕಾಳಿಕಮ್ಮನ ಮುಖ ಬಂತು. ಬೀದಿಗೆ ಬೀದಿಯೇ ಜಮಖಾನ ಸರಿಸ್ಕೊಂಡು ಒಳಗೆ ಬಂತು. ನಕ್ಕಿದ್ದ ಜನವೇ ಮಿಷಿನ್ನಿಗೆ ಹೂವಿನ ಹಾರ ಹಾಕಿದ್ರು.

"ಆಹಾ, ಏನು ಹೇಳ್ತೀವೋ ಅದನ್ನೇ ಮಾಡುತ್ತೆ. ಒಂದು ಕೂದಲು ಹೆಚ್ಚಿಲ್ಲ, ಒಂದು ಕೂದಲು ಕಮ್ಮಿ ಇಲ್ಲ. ಎಂಥ ಬುದ್ಧಿ!"

ತಾಯಮ್ಮನ ಮೈ ಉರಿದುಹೋಯ್ತು. ಹೇಳಿದ್ದನ್ನೇ ಮಾಡಿದ್ರೆ ಮಿಷಿನ್ನಿಗೆ ಹಾರ. ಹೇಳಿದ್ದನ್ನೇ ಮಾಡಿದ್ರೆ ನನ್ನ ಮಗನಿಗೆ ಪೆದ್ದ ಅನ್ನೋ ಹೆಸರು. ಯಾವ ನ್ಯಾಯ ಇದು? ಹಬ್ಬದ ಹೊತ್ತಲ್ಲಿ ಜಗಳ ಯಾಕೆ ಅಂತ ನುಂಗಿಕೊಂಡ್ಲು. ಮಗನಿಗೆ ಮಾತ್ರ ಒಂದು ಮಾತು ಹೇಳಿದ್ಲು. "ಇನ್ನು ನನ್ನ ಮಾತೂ ಬೇಡ, ಮಾವನ ಮಾತೂ ಬೇಡ. ಯಜಮಾನರು ಶಾಸ್ತ್ರ ಅಂತ ಏನು ಹೇಳ್ತಾರೋ ಅದನ್ನ ಚಾಚೂ ತಪ್ಪದೆ ಮಾಡು."

ಯಜಮಾನ ರುದ್ರಾಚಾರ್ರು ಗುರುವಾರ ಮಧ್ಯಾಹ್ನ ಬಂದ್ರು. ಈ ಸಲ ಕೂರಲಿಲ್ಲ, ನಿಂತೇ ಶಾಸ್ತ್ರ ಹೇಳಿದ್ರು.

"ಅಮ್ಮನ ಮುಖಕ್ಕೆ ಕಣ್ಣು ಮಾತ್ರ ಈಗ ಕೆತ್ತಬೇಡಿ. ಅದು ನಾಳೆ ಮುಹೂರ್ತದಲ್ಲಿ. ಮಿಕ್ಕಿದ್ದನ್ನ ಯಾರು ಕೆತ್ತಿದ್ರೋ ಅವರೇ ಕಣ್ಣೂ ತೆರೆಸಬೇಕು, ಕೈ ಬದಲಾಗಬಾರದು. ಕಣ್ಣು ತೆರೆಸೋರು ಇವತ್ತು ಉಪವಾಸ ಇರಬೇಕು. ಬೆಳಿಗ್ಗೆ ಎಣ್ಣೆ ಒತ್ತಿ ತಲೆ ಮೇಲೆ ನೀರು ಹಾಕ್ಕೋಬೇಕು, ಒದ್ದೆ ಪಂಚೆ ಉಟ್ಟಿರಬೇಕು. ತಿಳೀತಾ?"

"ತಿಳೀತು ಯಜಮಾನ್ರೇ" ಅಂದ ಶಂಭು.

ಮಿಕ್ಕಿದ್ದನ್ನ ಕೆತ್ತಿದ್ದು ಯಾರು? ಮಿಷಿನ್ನು. ಶಂಭು ಮಿಷಿನ್ನಿನ ಸ್ವಿಚ್ ಆರಿಸ್ದ, ಕರೆಂಟು ಕೊಡಲಿಲ್ಲ, ಸರಳಿಗೆ ಎಣ್ಣೆ ಬಿಡಲಿಲ್ಲ. ಅದು ಉಪವಾಸ ಇತ್ತು. ಶುಕ್ರವಾರ ಬೆಳಿಗ್ಗೆ ಹಂಡೆಗೆ ಉರಿ ಹಾಕ್ದ. ಮೋಟಾರಿಗೆ, ಬೋರ್ಡಿಗೆ, ವೈರಿಗೆ ಹರಳೆಣ್ಣೆ ಒತ್ತಿದ. ಸೀಗೆಪುಡಿ ಹಾಕಿ ತಿಕ್ಕಿದ. ಬಿಸಿನೀರು ಕೊಡದ ಮೇಲೆ ಕೊಡ ಸುರಿದ. ಅಪ್ಪನ ಪಂಚೆ ಒದ್ದೆ ಮಾಡಿ ತೊಲೆಗೆ ಉಡಿಸಿ, ಗಂಟು ಹಾಕಿ, ಕೈ ಮುಗಿದು ನಿಂತ.

ಮುಹೂರ್ತದ ಹೊತ್ತಿಗೆ ಯಜಮಾನರು, ನಂಜುಂಡ, ಬೀದಿ ಜನ, ಓಲಗದೋರು ಎಲ್ಲ ಬಂದ್ರು. ಪಂಚೆ ಉಟ್ಟ ಮಿಷಿನ್ ನೋಡಿ ಯಾರಿಗೂ ಏನೂ ಅರ್ಥ ಆಗಲಿಲ್ಲ. ಯಾರಾದ್ರೂ ತಡೆಯೋ ಮುಂಚೆ ಶಂಭು ಸ್ವಿಚ್ ಹಾಕ್ದ. ಪಟ್ ಅಂತು. ಸೀಗೆಕಾಯಿ ಸುಟ್ಟ ವಾಸನೆ ಬಂತು. ಮಿಷಿನ್ನೂ ಹೋಯ್ತು, ಮನೆ ದೀಪವೂ ಹೋಯ್ತು.

"ಏನೋ ಮಾಡಿದೆ ಇದಕ್ಕೆ?" ಅಂದ ನಂಜುಂಡ.

"ಎಣ್ಣೆಸ್ನಾನ ಮಾಡಿಸ್ದೆ ಮಾವ. ಶಾಸ್ತ್ರ."

ಜನ ನಕ್ಕರು. ಗೋಡೆ ಹಿಡ್ಕೊಂಡು ನಕ್ಕರು. ನಂಜುಂಡ ಡಬ್ಬ ಬಗ್ಗಿಸ್ದ, ಒಳಗಿಂದ ನೊರೆನೀರು ಸುರೀತು, ಮತ್ತಷ್ಟು ನಕ್ಕರು. ಯಜಮಾನರು ಮಾತ್ರ ನಗಲಿಲ್ಲ. "ಮುಗೀತು. ಮೈಸೂರಿಗೆ ಫೋನ್ ಮಾಡ್ರಪ್ಪ, ರೆಡಿಮೇಡ್ ಬಾಗಿಲು ಕಳಿಸ್ಲಿ" ಅಂದ್ರು.

ಆಗ ತಾಯಮ್ಮ ಜಮಖಾನದ ಮುಂದೆ ಅಡ್ಡ ನಿಂತ್ಲು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ಲು.

"ಯಾರೂ ಫೋನ್ ಮುಟ್ಟಬೇಡಿ. ನಗ್ತೀರಾ? ನಕ್ಕೊಳ್ಳಿ. ನಿಂತಿರೋ ಮರ ಅಂದೋರು ಯಾರು? ಅಲ್ಲಾಡಿದ್ದನ್ನ ಬಿಗಿ ಮಾಡು ಅಂದೋರು ಯಾರು? ಕೆತ್ತಿದೋರ ತಲೆ ಮೇಲೆ ನೀರು ಬೀಳಬೇಕು ಅಂದೋರು ಯಾರು? ಅರ್ಧ ಮಾತು ಹೇಳಿ ಎದ್ದು ಹೋಗೋದು, ಆಮೇಲೆ ಇವನ ತಲೆಗೆ ಕಟ್ಟೋದು. ಆ ಕಬ್ಬಿಣಕ್ಕೆ ನೂಲು ನೂಲಿಗೂ ಹೇಳಿಕೊಟ್ರಿ, ಎಲ್ಲಿ ಹತ್ತು, ಎಲ್ಲಿ ಇಳಿ, ಎಲ್ಲಿ ನಿಲ್ಲು ಅಂತ. ನನ್ನ ಮಗನಿಗೆ ಯಾರಾದ್ರೂ ಒಬ್ಬರು ಹಂಗೆ ಹೇಳಿಕೊಟ್ರಾ? ಯಜಮಾನ್ರೇ, ಕೈ ಬದಲಾಗಬಾರದು ಅಂದ್ರಲ್ಲ, ಆ ಮಿಷಿನ್ ಕಟ್ಟಿದ ಕೈ ಯಾವುದು?"

ಯಜಮಾನರು ಕಾಲು ನೀವಿಕೊಂಡು, "ಇವನದೇ" ಅಂದ್ರು.

"ಹಂಗಾದ್ರೆ ಇವನೇ ತೆರೆಸ್ತಾನೆ. ಮುಹೂರ್ತ ಇನ್ನೂ ಇದೆ. ಎಲ್ಲ ಬಾಯಿ ಮುಚ್ಚಿ ನಿಂತ್ಕೊಳ್ಳಿ."

ಶಂಭು ತಲೆ ಮೇಲೆ ಒಂದು ಕೊಡ ತಣ್ಣೀರು ಸುರಿದ್ಲು. ಮಿಷಿನ್ನಿನ ಮೈಮೇಲಿನ ಪಂಚೆ ಬಿಚ್ಚಿ ಅವನಿಗೆ ಉಡಿಸಿದ್ಲು. ನೆನ್ನೆ ಮಿಷಿನ್ ಒಂದೇ ಉಪವಾಸ ಇರೋದು ಹೆಂಗೆ ಅಂತ ಅವನೂ ಉಂಡಿರಲಿಲ್ಲ, ಅದೊಂದು ಪುಣ್ಯ. ಸಣ್ಣ ಉಳಿ ಕೈಗೆ ಕೊಟ್ಟು, ಹಲಗೆ ಮುಂದೆ ಕೂರಿಸಿ, ಅವನ ಭುಜದ ಪಕ್ಕ ಕೂತ್ಲು. ಗಂಡ ಕಣ್ಣು ತೆರೆಸುವಾಗೆಲ್ಲ ದೀಪ ಹಿಡಿದು ಕೂತವಳು ಅವಳೇ. ಎಲ್ಲಿ ಏನು ಬರಬೇಕು ಅನ್ನೋದು ಅವಳ ಕಣ್ಣಿಗೆ ಗೊತ್ತಿತ್ತು.

"ಎಡಗಣ್ಣಿನ ತುದಿಗೆ ಉಳಿ ಇಡು. ಅಕ್ಕಿಕಾಳಷ್ಟು ಈಚೆಗೆ ಬಾ. ನಿಲ್ಲು. ಮೆಲ್ಲಗೆ ಒತ್ತು. ಸಾಕು. ಈಗ ಹುಬ್ಬಿನ ಕಡೆ ತಿರುಗು. ಬಾ, ಬಾ, ಬಾ. ನಿಲ್ಲು."

ಶಂಭು ಬಾ ಅಂದ್ರೆ ಬಂದ, ನಿಲ್ಲು ಅಂದ್ರೆ ನಿಂತ. ಒಂದು ಕೂದಲು ಹೆಚ್ಚಿಲ್ಲ, ಒಂದು ಕೂದಲು ಕಮ್ಮಿ ಇಲ್ಲ. ಎಡಗಣ್ಣು ಬಂತು. ಬಲಗಣ್ಣು ಬಂತು. ಇನ್ನು ಉಳಿದದ್ದು ಎರಡು ಪಾಪೆ. ಅಲ್ಲಿ ಕೈ ನಡುಗಿದ್ರೆ ಮುಗೀತು, ಅಮ್ಮ ಮೆಳ್ಳೆಗಣ್ಣಾಗ್ತಾಳೆ. ತಾಯಮ್ಮ ಮಗನ ಕಿವೀಲಿ ಹೇಳಿದ್ಲು.

"ಉಸಿರು ಕಟ್ಟಿ ಹಿಡಿ. ನಾನು ಹೇಳೋವರೆಗೂ ಬಿಡಬೇಡ."

ಶಂಭು ಉಸಿರು ಹಿಡಿದ. ಉಳಿ ಒಂದು ಸುತ್ತು ತಿರುಗಿತು, ಇನ್ನೊಂದು ಸುತ್ತು ತಿರುಗಿತು. ಕಾಳಿಕಮ್ಮ ಕಣ್ಣು ಬಿಟ್ಟಳು.

ನಕ್ಕ ಜನವೇ ಕೈ ಮುಗೀತು. ಓಲಗ ಊದಿದ್ರು, ಜಾಗಟೆ ಬಾರಿಸಿದ್ರು. ಯಜಮಾನರು ಅಮ್ಮನಿಗೆ ಕನ್ನಡಿ ತೋರಿಸಿ, "ತಾಯಮ್ಮ, ಹಕ್ಕು ನಿಮ್ಮ ಮನೇದೇ. ಮೊದಲ ಮಂಗಳಾರತಿ ನೀನೇ ತಗೋಬೇಕು, ನಡಿ" ಅಂದ್ರು. ಬಾಗಿಲು ಹೆಗಲೇರಿತು. ತಾಯಮ್ಮನಿಗೆ ಕಣ್ಣೀರು ತಡೀಲಿಲ್ಲ. ಇಷ್ಟು ದಿನದ ಸಿಟ್ಟು, ಸಂಕಟ, ಎಲ್ಲ ಹರಿದು ಹೋಯ್ತು. ಸೆರಗಲ್ಲಿ ಮುಖ ಒರೆಸ್ಕೊಂಡು ಜನದ ಹಿಂದೆ ನಾಕು ಹೆಜ್ಜೆ ಹಾಕಿದ್ಲು.

ಹಿಂದೆ ಧೊಪ್ಪಂತ ಸದ್ದಾಯ್ತು. ತಿರುಗಿ ನೋಡಿದ್ರೆ ಶಂಭು ಬಿದ್ದಿದ್ದ. ಮುಖ ನೇರಳೆಹಣ್ಣಾಗಿತ್ತು, ಕೆನ್ನೆ ಊದಿತ್ತು, ಕಣ್ಣು ಅವ್ವನ ಬಾಯಿ ಮೇಲಿತ್ತು.

"ಅಯ್ಯೋ ನನ್ನಪ್ಪ, ಬಿಡೋ! ಉಸಿರು ಬಿಡೋ!"

ಶಂಭು ಬುಸ್ಸಂತ ಬಿಟ್ಟ. ಎಲ್ಲ ಬಿಟ್ಟ. ಬಿಟ್ಟು ಹಂಗೇ ಬಿದ್ದಿದ್ದ, ಮತ್ತೆ ನೇರಳೆ ಬಣ್ಣಕ್ಕೆ ತಿರುಗ್ತಾ ಬಂದ.

"ತಗೋಳೋ, ತಗೋ" ಅಂದ್ಲು ತಾಯಮ್ಮ.

ತಗೊಂಡ. ತಗೊಂಡು ಹಿಡ್ಕೊಂಡ.

"ಬಿಡು."

ಬಿಟ್ಟ.

ತಾಯಮ್ಮ ಮಗನ ಪಕ್ಕ ಕುಕ್ಕರಿಸಿದ್ಲು. ಅರ್ಧ ಮಾತು ಹೇಳಿ ಎದ್ದು ಹೋಗ್ತೀರಿ ಅಂತ ಊರಿಗೆಲ್ಲ ಬೈದಿದ್ಲಲ್ಲ, ಈಗ ಎದ್ದು ಹೋಗಿದ್ದು ಯಾರು? ಬೈಯೋಕೆ ಬೇರೆ ಯಾರೂ ಉಳಿದಿರಲಿಲ್ಲ. ಮಗನ ಕೈ ಹಿಡ್ಕೊಂಡು ಎಬ್ಬಿಸಿದ್ಲು. ತಗೋ, ಬಿಡು, ತಗೋ, ಬಿಡು ಅಂತ ಹೇಳ್ಕೊಂಡೇ ಬೀದಿ ನಡೆದ್ಲು, ಹೇಳ್ಕೊಂಡೇ ಗುಡಿ ಮೆಟ್ಟಿಲು ಹತ್ತಿದ್ಲು. ಹೊಸ ಬಾಗಿಲು ಏರಿತು, ಮೊದಲ ಮಂಗಳಾರತಿ ಬಂತು. ಅವಳ ಎರಡು ಕಣ್ಣೂ ಮಗನ ಎದೆ ಮೇಲಿತ್ತು. ಮಂತ್ರದ ನಡುವೆ ತಗೋ, ಗಂಟೆಯ ನಡುವೆ ಬಿಡು.

ನಂಜುಂಡ ತಡೆಯಲಾರದೆ ಕೇಳ್ದ. "ಎಷ್ಟು ಹೊತ್ತು ಹಿಂಗೆ ಹೇಳ್ತೀಯಕ್ಕ? ನಿನ್ನಿಷ್ಟ ಬಂದಂಗೆ ಆಡ್ಕೋ ಅಂತ ಒಂದೇ ಸಲ ಹೇಳಿಬಿಡು."

ಆ ಮಾತನ್ನ ಶಂಭು ಎಲ್ಲೆಲ್ಲಿ ಬಳಸ್ತಾನೋ ಅಂತ ತಾಯಮ್ಮ ಒಂದು ಗಳಿಗೆ ಯೋಚನೆ ಮಾಡಿದ್ಲು. "ಬೇಡಪ್ಪ. ನಾನು ಇರೋವರೆಗೂ ನಾನೇ ಹೇಳ್ತೀನಿ" ಅಂದ್ಲು.

ಶಂಭು ಅವಳ ಸೆರಗು ಜಗ್ಗಿದ. ಮುಖ ಮತ್ತೆ ನೇರಳೆಯಾಗಿತ್ತು, ದನಿ ಗಂಟಲಲ್ಲೇ ಇತ್ತು.

"ಅವ್ವ, ನೀನು ಮಾವನ ಹತ್ರ ಮಾತಾಡುವಾಗ ಒಂದು 'ತಗೋ' ತಪ್ಪಿಹೋಯ್ತು. ಈಗ ಎರಡು ಒಟ್ಟಿಗೆ ತಗೊಳ್ಳಲಾ?"